ಅನುಮಾನದ ಮೇಷ್ಟ್ರು

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅವರ ನೌಕರಿಯೆಲ್ಲ ಕಳೆದದ್ದು ಬಂದರಿನ ಕೊನೆಯಲ್ಲಿದ್ದ, ಸಮುದ್ರ ಅಳೆಯುವ ಕಚೇರಿಯಲ್ಲಿ. ಆದರೂ ಅಲ್ಲಿ ಕೆಲಸಕ್ಕೆ ಸೇರಿದವರೆಲ್ಲ ಮೊದಲ ವಾರ ಅವರಿಂದ ಬೈಸಿಕೊಂಡು, ಎರಡನೇ ವಾರದಿಂದ ಅವರನ್ನು ಮೇಷ್ಟ್ರೇ ಎಂದು ಕರೆಯಲು ಶುರುಮಾಡುತ್ತಿದ್ದರು. ಬೆನ್ನ ಹಿಂದೆ ಇನ್ನೂ ಉದ್ದದ ಹೆಸರಿತ್ತು: ಅನುಮಾನದ ಮೇಷ್ಟ್ರು. ಅದು ಅವರ ಕಿವಿಗೂ ಬಿದ್ದಿತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಮನುಷ್ಯನಿಗೆ ಕೋಪ ಬಾರದ ಸಂಗತಿ ಅದೊಂದೇ.

ಕಚೇರಿಯ ಕಿಟಕಿ ಸರಳುಗಳನ್ನು ಉಪ್ಪುಗಾಳಿ ಅರ್ಧ ತಿಂದು ಹಾಕಿತ್ತು. ಒಳಗೆ ಗೋಡೆಯುದ್ದಕ್ಕೂ ಮೇಜು, ಮೇಜಿನ ಮೇಲೆ ಪರದೆ, ಪರದೆಯ ತುಂಬ ಅಂಕಿ. ಕೊಲ್ಲಿಯಲ್ಲಿ ಲಂಗರು ಹಾಕಿ ನಿಲ್ಲಿಸಿದ ತೇಲುಯಂತ್ರಗಳು ನೀರು ಎಷ್ಟು ಬಿಸಿ, ಎಷ್ಟು ಉಪ್ಪು, ಎಷ್ಟು ಆಳ, ಸೆಳೆತ ಯಾವ ಕಡೆಗೆ ಎಂದು ಹಗಲಿರುಳು ವರದಿ ಒಪ್ಪಿಸುತ್ತಿದ್ದವು. ಹೊರಗಿನ ಯಾವುದಾದರೂ ಕಂಪ್ಯೂಟರು ಬಂದು ಕೇಳಿದರೆ ಕಚೇರಿಯ ಕಂಪ್ಯೂಟರು ಅದನ್ನೆಲ್ಲ ಉತ್ತರವಾಗಿ ಕಳಿಸಬೇಕು. ಆ ಉತ್ತರ ಯಾವ ರೂಪದಲ್ಲಿ ಹೋಗಬೇಕು ಎಂದು ಗೊತ್ತುಮಾಡುವುದೇ ಮೇಷ್ಟ್ರ ಕೆಲಸ. ಕೇಳುವುದಕ್ಕೆ ಸಣ್ಣ ಕೆಲಸ. ಆದರೆ ಒಂದು ಮನೆಯ ಮಾತು ಇನ್ನೊಂದು ಮನೆ ಮುಟ್ಟುವಷ್ಟರಲ್ಲಿ ಏನೇನಾಗುತ್ತದೆ ಎಂದು ಕಂಡವರು ಅದನ್ನು ಸಣ್ಣದು ಎನ್ನುವುದಿಲ್ಲ.

ಅಕ್ಕ ಅಲ್ಲಿಗೆ ಬಂದಾಗ ಯಾರಿಗೂ ಅಕ್ಕನಾಗಿರಲಿಲ್ಲ, ಎಲ್ಲರಿಗಿಂತ ಚಿಕ್ಕವಳಾಗಿದ್ದಳು. ಆಮೇಲೆ ಕಿರಿಯರು ಬಂದು ಬಂದು ಅವಳನ್ನು ಅಕ್ಕ ಮಾಡಿದರು. ಮೇಷ್ಟ್ರು ಮಾತ್ರ ಅವಳ ತಲೆಯಲ್ಲಿ ಬಿಳಿಕೂದಲು ಕಂಡ ಮೇಲೂ ‘ಹುಡುಗಿ’ ಎಂದೇ ಕರೆದರು. ಮೊದಲ ವಾರ ಅವಳಿಗೆ ಉಪ್ಪಿನಂಶದ ಅಂಕಿಗಳನ್ನು ಜೋಡಿಸುವ ಕೆಲಸ ಸಿಕ್ಕಿತ್ತು. ಪ್ರತಿ ಅಂಕಿಯ ಪಕ್ಕದಲ್ಲಿ ‘ಅನುಮಾನ’ ಎಂಬ ಒಂದು ಜಾಗ. ಈ ಅಳತೆ ಎಷ್ಟರ ಮಟ್ಟಿಗೆ ತಪ್ಪಿರಬಹುದು ಎಂದು ಅಲ್ಲಿ ಹೇಳಬೇಕು. ಕೆಲವು ಕಡೆ ಅದು ಖಾಲಿಯಿತ್ತು. ನೋಡುವುದಕ್ಕೆ ಚೆಂದವಾಗಿರಲಿ ಎಂದು ಹುಡುಗಿ ಅಲ್ಲೆಲ್ಲ ಸೊನ್ನೆ ತುಂಬಿಬಿಟ್ಟಳು.

“ಇಲ್ಲಿ ಸೊನ್ನೆ ಹಾಕಿದ್ದು ಯಾರು?” ಎಂದರು ಮೇಷ್ಟ್ರು.

“ನಾನೇ ಸರ್. ಖಾಲಿ ಇತ್ತು.”

“ಖಾಲಿ ಇತ್ತು ಅಂತ, ಅನುಮಾನವೇ ಇಲ್ಲ ಅಂತ ಬರೆದುಬಿಟ್ಟೆಯಾ?”

“ಎರಡೂ ಒಂದೇ ಅಲ್ವಾ ಸರ್?”

ಮೇಷ್ಟ್ರ ಕಿವಿಯ ತುದಿ ಕೆಂಪಗಾಯಿತು. “ಅಡುಗೆ ಹೇಗಿದೆ ಅಂತ ಕೇಳಿದಾಗ ಉಣ್ಣೋನು ಬಾಯಿ ಬಿಡಲಿಲ್ಲ ಅಂದ್ರೆ, ಅಡುಗೆ ಚೆನ್ನಾಗಿದೆ ಅಂತ ಅರ್ಥವಾ? ಖಾಲಿ ಅಂದ್ರೆ ಅನುಮಾನ ಇಲ್ಲ ಅಂತಲ್ಲ. ಹೇಳಬೇಕಾದವನು ಹೇಳಿಲ್ಲ ಅಂತ. ಅವನು ಹೇಳದೇ ಇದ್ದದ್ದನ್ನ ನೀನು ಅವನ ಬಾಯಲ್ಲಿ ಹೇಳಿಸಿದೀಯ.”

ಹುಡುಗಿ ಕೈತೊಳೆಯುವ ಕೋಣೆಗೆ ಹೋಗಿ ಅತ್ತು ಬಂದಳು. ಸಂಜೆ ಮೇಷ್ಟ್ರು ಅವಳ ಮೇಜಿನ ಮುಂದೆ ನಿಂತು, “ನಡಿ, ಮನೆಗೆ ಹೋಗಿ ಚಹಾ ಕುಡಿಯೋಣ” ಎಂದರು. ಬೈದ ದಿನವೇ ಮನೆಗೆ ಕರೆದುಕೊಂಡು ಹೋಗುವುದು ಅವರ ಪದ್ಧತಿ.

ಬಾಗಿಲು ತೆರೆದ ಅವರ ಹೆಂಡತಿ, ಕಚೇರಿಯವರೆಲ್ಲರ ಅಮ್ಮ, ಅವಳನ್ನು ಮೇಲಿಂದ ಕೆಳಗೆ ನೋಡಿ, “ಇವತ್ತು ಬೈಸಿಕೊಂಡವಳು ನೀನಾ? ಬಾ ಒಳಗೆ” ಎಂದರು. ಅಡುಗೆಮನೆಯ ಹಲಗೆಯ ಮೇಲಿದ್ದ ಒಂದೊಂದು ಡಬ್ಬಿಗೂ ಚೀಟಿ ಅಂಟಿಸಿತ್ತು. ಉಪ್ಪು. ಬೇಳೆ. ಮೂಲೆಯಲ್ಲಿದ್ದ ಡಬ್ಬಿಯ ಮೇಲೆ ‘ಸಕ್ಕರೆ, ಬಹುಶಃ’ ಎಂದಿತ್ತು. ಹುಡುಗಿಗೆ ನಗು ತಡೆಯಲಾಗಲಿಲ್ಲ.

“ನಗು, ನಗು” ಎಂದರು ಅಮ್ಮ. “ಮದುವೆಯಾದ ಹೊಸದರಲ್ಲಿ ಚೀಟಿ ಇಲ್ಲದ ಡಬ್ಬಿಯಿಂದ ಇವರ ಚಹಾಕ್ಕೆ ಉಪ್ಪು ಹಾಕಿಬಿಟ್ಟೆ. ಸಕ್ಕರೆ ಅಂತ ಯಾರು ಹೇಳಿದ್ರು ಅಂದ್ರು. ಯಾರೂ ಹೇಳಿಲ್ಲ ಅಂದೆ. ಅವತ್ತಿಂದ ನಮ್ಮ ಮನೆ ಡಬ್ಬಿಗಳಿಗೂ ಅನುಮಾನ ಅಂಟಿಕೊಂಡಿದೆ. ಊರಲ್ಲಿ ಹೆಂಡತಿ ಮೇಲೆ ಅನುಮಾನ ಪಡೋ ಗಂಡಂದಿರಿದ್ದಾರೆ. ನನ್ನ ಪುಣ್ಯ, ಇವರದು ಸಕ್ಕರೆ ಮೇಲೆ.”

ಮೇಷ್ಟ್ರು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಾಗ ಅಮ್ಮ ದನಿ ತಗ್ಗಿಸಿ, ಗೋಡೆಯ ಮೇಲಿದ್ದ ಫೋಟೋದ ಕತೆ ಹೇಳಿದರು. ಅದು ಮೇಷ್ಟ್ರ ಅಣ್ಣ. ಸರಕಿನ ದೋಣಿ ನಡೆಸುತ್ತಿದ್ದವನು. ಅಪ್ಪ ಇಲ್ಲದ ಮನೆಯಲ್ಲಿ ತಮ್ಮನನ್ನು ಓದಿಸಿದವನು. ಆಗ ಅಳಿವೆಯ ಬಾಯಲ್ಲಿ ಎಷ್ಟು ನೀರಿದೆ ಎಂದು ಒಬ್ಬ ಕಾವಲುಗಾರ ನೀರಿನಲ್ಲಿ ನೆಟ್ಟ ಅಳತೆಯ ಕಂಬ ನೋಡಿ ರೇಡಿಯೋದಲ್ಲಿ ಅಂಕಿ ಹೇಳುತ್ತಿದ್ದ. ಆ ಅಂಕಿ ನಂಬಿ ಅಣ್ಣ ದೋಣಿ ತಿರುಗಿಸಿದ. ಅಷ್ಟು ನೀರಿರಲಿಲ್ಲ. ದೋಣಿ ಮರಳಿಗೆ ಬಡಿದು ಮಗುಚಿತು, ಅಣ್ಣ ಉಳಿಯಲಿಲ್ಲ. ಕೆಲವು ದಿನದ ಮೇಲೆ ಕಾವಲುಗಾರ ಮನೆ ಬಾಗಿಲಿಗೆ ಬಂದು ಕುಸಿದು ಕೂತ. ಕಂಬ ವಾಲಿದೆ ಎಂದು ಅವನಿಗೆ ಗೊತ್ತಿತ್ತಂತೆ. ಎಲ್ಲರೂ ಕೇಳುತ್ತಿದ್ದದ್ದು ಅಂಕಿ ಮಾತ್ರ, ವಾಲಿದ್ದನ್ನು ಎಲ್ಲಿ ಹೇಳಲಿ ಎಂದು ಅತ್ತನಂತೆ.

“ಇವರು ಅವನ ಮೇಲೆ ಒಂದು ದಿನ ಕೋಪ ಮಾಡ್ಕೊಂಡವರಲ್ಲ” ಎಂದರು ಅಮ್ಮ. “ಅವನು ಸುಳ್ಳು ಹೇಳಲಿಲ್ಲ, ಹೇಳೋಕೆ ಅವನಿಗೆ ಜಾಗ ಇರಲಿಲ್ಲ ಅಂತಾರೆ. ಅದಕ್ಕೇ ಈ ಕೆಲಸಕ್ಕೆ ಸೇರಿದ್ದು.”

ಅಷ್ಟು ಕೇಳಿದ ಮೇಲೆ ಹುಡುಗಿ ಮೇಷ್ಟ್ರ ಬೈಗುಳಕ್ಕೆ ಮತ್ತೆಂದೂ ಅಳಲಿಲ್ಲ.

ಮೇಷ್ಟ್ರು ಕಟ್ಟಿದ ವೆಬ್ ಸೇವೆ ನಿಜಕ್ಕೂ ಅವರ ಹಾಗೆಯೇ ಇತ್ತು. ಒಂದು ಅಂಕಿ ಕೇಳಿದರೆ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಯಾವ ಯಂತ್ರ ಅಳೆಯಿತು, ಅದನ್ನು ಕೊನೆಯ ಸಲ ಸರಿಹೊಂದಿಸಿದ್ದು ಯಾರು, ಅದು ಎಷ್ಟು ಜಾರಿರಬಹುದು, ಅಂದು ಅಲೆ ಹೇಗಿತ್ತು, ನೋಡಿದವನಿಗೆ ಏನನ್ನಿಸಿತು, ಎಲ್ಲವನ್ನೂ ಲಕೋಟೆಯೊಳಗೆ ಲಕೋಟೆಯಿಟ್ಟು ಕಳಿಸುತ್ತಿತ್ತು. ಲಕೋಟೆ ಎಲ್ಲಿ ತೆರೆಯಬೇಕು, ಒಳಗೆ ಏನಿರಲೇಬೇಕು ಎಂಬುದಕ್ಕೂ ಕಟ್ಟುನಿಟ್ಟಿನ ಕರಾರು. ಅನುಮಾನ ಹೇಳದ ಅಳತೆಯನ್ನು ಅದು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂದು ಕಚೇರಿಯವರು ನಗುತ್ತಿದ್ದರು. ಆದರೆ ದೂರದ ಸಂಶೋಧಕರು ಆ ಭಾರವನ್ನೇ ಮೆಚ್ಚಿ ವರ್ಷಗಟ್ಟಲೆ ಬಳಸಿದರು.

ಕಾಲ ನಿಂತ ನೀರಲ್ಲ. ಮೇಷ್ಟ್ರು ನಿವೃತ್ತರಾದರು. ಸಕ್ಕರೆ ಕಾಯಿಲೆ ಮೊದಲು ಅವರ ಕಣ್ಣಿಗೆ ಬಂತು, ಆಮೇಲೆ ಮೂತ್ರಪಿಂಡಕ್ಕೆ ಇಳಿಯಿತು. ಇತ್ತ ಸಮುದ್ರದ ಮೇಲಿನ ದೋಣಿಯವರೂ ಫೋನಿನಲ್ಲಿ ಅಲೆ, ಆಳ, ಸೆಳೆತ ಕೇಳತೊಡಗಿದರು. ನಡುನೀರಿನಲ್ಲಿ ನೆಟ್‌ವರ್ಕ್ ಎಂಬುದು ಬಡವನ ಮನೆಯ ದೀಪದ ಹಾಗೆ, ಇದ್ದರೆ ಇತ್ತು. ಮೇಷ್ಟ್ರ ದೊಡ್ಡ ಲಕೋಟೆ ಅರ್ಧ ದಾರಿಯಲ್ಲೇ ಕಡಿದುಹೋಗುತ್ತಿತ್ತು. ಕಚೇರಿ, ವಿಶ್ವವಿದ್ಯಾಲಯ, ದೋಣಿಯವರ ಸಂಘ ಮೂರೂ ಸೇರಿ ಮಾಹಿತಿ ಹಂಚಿಕೊಳ್ಳುವ ಹೊಸ ರೂಪವೊಂದನ್ನು ಆರಿಸಬೇಕು ಎಂದಾಯಿತು. ಅದಕ್ಕೊಂದು ಸಮಿತಿ. ಕಚೇರಿಯ ಪರವಾಗಿ ಅಕ್ಕ.

ಸಂಘದಿಂದ ಬಂದ ಹೆಂಗಸು ಮೊದಲ ದಿನವೇ ಮಾತು ಮುಗಿಸಿದಳು. “ನಮ್ಮವರು ಕೇಳ್ತಾರೆ. ಫೋನು ಗಿರಗಿರ ತಿರುಗುತ್ತೆ, ತಿರುಗ್ತಾನೇ ಇರುತ್ತೆ. ಅಷ್ಟರಲ್ಲಿ ಅಲೆ ತಾನೇ ಬಂದು ಉತ್ತರ ಹೇಳಿಬಿಡುತ್ತೆ.”

ಅದು ನಿಜವೆಂದು ಅಕ್ಕನಿಗೂ ಗೊತ್ತಿತ್ತು. ಹಗುರದ ರೂಪ ಅವಳ ಮುಂದೆಯೇ ಇತ್ತು: ಒಂದು ಹೆಸರು, ಅದರ ಮುಂದೆ ಒಂದು ಅಂಕಿ, ಅಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ದೋಣಿ ಮುಟ್ಟುತ್ತಿತ್ತು. ಆದರೆ ಅದನ್ನು ಆರಿಸಿದರೆ ಮೇಷ್ಟ್ರ ಬಾಳಿನ ಕೆಲಸಕ್ಕೆ ಬೀಗ ಹಾಕಿದ ಹಾಗೆ. ಅವಳು ಅವರ ಮನೆಗೆ ಹೋದಳು.

ಮೇಷ್ಟ್ರು ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿದ್ದರು. ಅವಳು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. ಬೈಯುತ್ತಾರೆ ಎಂದು ಅವಳು ಕಾದಳು. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

“ಅಣ್ಣ ಇದ್ದದ್ದು ದೋಣಿಯಲ್ಲಿ” ಎಂದರು ಕೊನೆಗೆ. “ತಲುಪದೇ ಇರೋ ಸತ್ಯ ಕಟ್ಕೊಂಡು ಅವನೇನು ಮಾಡ್ತಿದ್ದ? ಹಗುರದ್ದನ್ನೇ ಆರಿಸು.”

“ನಿಮ್ಮದನ್ನ ನಿಲ್ಲಿಸಬೇಕಾಗುತ್ತೆ ಮೇಷ್ಟ್ರೇ.”

“ನಿಲ್ಲಿಸು. ನಾನೇ ನಿಲ್ಲೋ ಹೊತ್ತು ಬಂತು, ಅದರದೇನು.” ಸ್ವಲ್ಪ ಸುಧಾರಿಸಿಕೊಂಡು ಕೈ ಚಾಚಿ ಅವಳ ಮುಂಗೈ ಹುಡುಕಿ ಹಿಡಿದರು. “ಆದ್ರೆ ಹುಡುಗಿ, ಅನುಮಾನಕ್ಕೆ ಒಂದು ಜಾಗ ಇಡು. ಉಳಿದದ್ದೆಲ್ಲ ಹೋಗಲಿ. ಅದೊಂದೇ ಸಾಲು. ಅಷ್ಟು ಭಾರ ದೋಣಿ ಹೊರುತ್ತೆ. ನಾನು ಹೋಗೋ ಮುಂಚೆ ಅದೊಂದು ಆಗಿದೆ ಅಂತ ಗೊತ್ತಾದ್ರೆ ಸಾಕು.”

“ಇಡ್ತೀನಿ ಮೇಷ್ಟ್ರೇ.”

ಸಮಿತಿಯಲ್ಲಿ ಅಕ್ಕ ಆ ಒಂದು ಸಾಲಿಗಾಗಿ ಜಗಳವನ್ನೇ ಆಡಿದಳು. ವಿಶ್ವವಿದ್ಯಾಲಯದಿಂದ ಬಂದವನು ಸದಾ ಕೈಗಡಿಯಾರ ನೋಡಿಕೊಳ್ಳುವ ಮನುಷ್ಯ. “ನಮ್ಮ ಹಳೆಯ ಅಳತೆಗಳಲ್ಲಿ ಅನುಮಾನ ಯಾರೂ ಹಾಕಿಲ್ಲ. ಕಡ್ಡಾಯ ಮಾಡಿದ್ರೆ ನಾವು ಒಂದಂಕಿಯನ್ನೂ ಕಳಿಸೋಕಾಗಲ್ಲ” ಎಂದ. ಅದೂ ಸುಳ್ಳಲ್ಲ. ಎಳೆದಾಡಿ ಎಳೆದಾಡಿ ಕೊನೆಗೆ ಅವನೇ ದಾರಿ ತೋರಿಸಿದ: “ಜಾಗ ಇಡೋಣ. ಐಚ್ಛಿಕ ಅನ್ನೋಣ. ಇದ್ದವರು ತುಂಬಲಿ.” ಎಲ್ಲರೂ ತಲೆಯಾಡಿಸಿದರು. ಅಕ್ಕನೂ ಆಡಿಸಿದಳು.

ಐಚ್ಛಿಕ ಎಂಬುದು ಎಷ್ಟು ಸಭ್ಯವಾದ ಮಾತೋ ಅಷ್ಟೇ ಮೋಸದ ಮಾತು. ಮನಸ್ಸಿದ್ದವರು ಪಾತ್ರೆ ತೊಳೆಯಿರಿ ಎಂದು ಮನೆಯಲ್ಲಿ ಹೇಳಿ ನೋಡಿ, ಮರುದಿನವೂ ಪಾತ್ರೆ ಅಲ್ಲೇ ಇರುತ್ತವೆ. ವಿಶ್ವವಿದ್ಯಾಲಯದವರು ತುಂಬಲಿಲ್ಲ. ಸಂಘದವರಿಗೆ ಅದು ಏನೆಂದೇ ಗೊತ್ತಿರಲಿಲ್ಲ. ಅವರು ತುಂಬದೆ ಇದ್ದದ್ದು ಹೋಗಲಿ, ಅಕ್ಕನ ಸ್ವಂತ ಕಚೇರಿಯೂ ತುಂಬಲಿಲ್ಲ. ಮೇಷ್ಟ್ರ ಹಳೆಯ ಲಕೋಟೆಗಳಲ್ಲಿ ಅನುಮಾನ ಮೂರು ಪದರದ ಒಳಗೆ, ಒಂದೊಂದು ಯಂತ್ರಕ್ಕೆ ಒಂದೊಂದು ಬಗೆಯಲ್ಲಿ ಕೂತಿತ್ತು. ಅದನ್ನು ಬಿಡಿಸಿ ಒಂದೇ ಸಾಲಿಗೆ ತರುವುದು ತಾಳ್ಮೆಯ ಕೆಲಸ. ಹೊಸ ಸೇವೆ ಶುರುವಾಗುವ ದಿನಾಂಕ ಮೊದಲೇ ಗೊತ್ತಾಗಿತ್ತು. ಅಂಕಿಗಳು ಮೊದಲು ಹೋಗಲಿ, ಅನುಮಾನ ಬರುವ ತಿಂಗಳು ಎಂದುಕೊಂಡಳು ಅಕ್ಕ. ಬರುವ ತಿಂಗಳು ಸರ್ವರ್ ಕೆಟ್ಟಿತು. ಅದರ ಮುಂದಿನ ತಿಂಗಳು ಅವಳ ಮಗಳ ಪರೀಕ್ಷೆ. ನಾಳೆ ಎಂದವನ ಮನೆ ಹಾಳು ಎಂದು ಹಿರಿಯರು ಹೇಳಿದ್ದು ಸೋಮಾರಿಗಳಿಗೆ ಎಂದು ನಾವು ತಿಳಿದಿದ್ದೇವೆ. ಅದು ಹೆಚ್ಚು ತಟ್ಟುವುದು ಕೈತುಂಬ ಕೆಲಸವಿರುವವರಿಗೆ.

ಹೊಸ ಸೇವೆ ಶುರುವಾದ ವಾರ ಅವಳು ಮೇಷ್ಟ್ರನ್ನು ನೋಡಲು ಹೋದಳು. ಕಾಲ ಸಪ್ಪಳ ಕೇಳಿದ್ದೇ ಅವರು ತಲೆಯೆತ್ತಿದರು.

“ಇಟ್ಟಿದೀಯಾ?”

“ಇಟ್ಟಿದೀನಿ ಮೇಷ್ಟ್ರೇ.”

ಸುಳ್ಳಾಗಿರಲಿಲ್ಲ. ಜಾಗ ಇತ್ತು. ಮೇಷ್ಟ್ರ ಮುಖ ಸಡಿಲವಾಯಿತು. ತುಂಬಿದ ಮೇಲೆ ಸರಿಹೋಗುತ್ತದೆ ಎಂದು ಅಕ್ಕ ಸಮಾಧಾನ ಮಾಡಿಕೊಂಡಳು. ಮುಂದಿನ ಸಲ ಹೋದಾಗಲೂ ಅವರು ಕೇಳಿದರು, “ದೋಣಿಯವರಿಗೆ ತಲುಪ್ತಾ ಇದೆಯಾ, ಅನುಮಾನ?” ತಲುಪುತ್ತಿದೆ ಎಂದಳು ಅಕ್ಕ. ಈ ಸಲ ಅದು ಸುಳ್ಳೇ. ಬರುವ ವಾರ ನಿಜ ಮಾಡಿಬಿಡುವ ಸುಳ್ಳು, ಅಷ್ಟೇ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಮನೆಗೆ ಬಂದಳು.

ಅದರ ಮುಂದಿನ ಸಲದಿಂದ ಮೇಷ್ಟ್ರು ಕೇಳುವುದನ್ನು ಬಿಟ್ಟರು. ಮಗಳು ಏನು ಓದುತ್ತಿದ್ದಾಳೆ, ಕಚೇರಿಯ ಕಿಟಕಿ ಬದಲಾಯಿಸಿದರಾ, ಬಾಗಿಲ ಬಳಿ ಮಲಗುವ ಬೆಕ್ಕು ಇದೆಯಾ ಎಂದು ಬೇರೆ ಏನೇನೋ ಕೇಳುತ್ತಿದ್ದರು. ಅಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಾಯಿಲೆಯಲ್ಲಿ ಮರೆತಿದ್ದಾರೆ ಎಂದುಕೊಂಡಳು. ಆ ಮರೆವಿಗೆ ಒಳಗೊಳಗೇ ಕೃತಜ್ಞಳೂ ಆದಳು. ಅದನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೆ ಅಸಹ್ಯವಾಗುತ್ತದೆ.

ಮೇಷ್ಟ್ರು ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಹೋದರು. ಅಕ್ಕ ಆಗ ಸಭೆಯಲ್ಲಿದ್ದಳು. ಓಡಿ ಹೋಗುವಷ್ಟರಲ್ಲಿ ಮಂಚಕ್ಕೆ ಹೊಸ ಚಾದರ ಹಾಸಿದ್ದರು.

ಜನರ ಬಂದುಹೋಗುವಿಕೆ ಕಡಿಮೆಯಾದ ಮೇಲೆ ಒಂದು ಬೆಳಗ್ಗೆ ಅವಳು ಆ ಮನೆಗೆ ಹೋದಳು. ಅಮ್ಮ ಅವಳನ್ನು ಅಡುಗೆಮನೆಯಲ್ಲೇ ಕೂರಿಸಿಕೊಂಡು ಚಹಾಕ್ಕೆ ನೀರಿಟ್ಟರು. ಊಟದ ಮೇಜಿನ ಮೇಲೆ, ಡಬ್ಬಿಗಳ ಪಕ್ಕದಲ್ಲಿ, ಹಳೆಯ ಲ್ಯಾಪ್‌ಟಾಪ್ ತೆರೆದೇ ಇತ್ತು.

“ನನಗೆ ಇದನ್ನ ಮುಚ್ಚೋಕೆ ಮನಸ್ಸು ಬರ್ತಿಲ್ಲ” ಎಂದರು ಅಮ್ಮ. “ದಿನಾ ಬೆಳಗ್ಗೆ ಇವರದು ಇದೇ ಪೂಜೆ. ಕಣ್ಣು ಕಾಣ್ತಿರಲಿಲ್ಲವಲ್ಲ. ಏನು ಒತ್ತಬೇಕು ಅಂತ ಹೇಳೋರು, ನಾನು ಒತ್ತುತ್ತಿದ್ದೆ. ನಿಮ್ಮ ಹೊಸ ಸೇವೆಯನ್ನ ಕೇಳೋದು. ಬಂದದ್ದನ್ನ ನಾನು ಓದಬೇಕು. ಬಿಸಿ ಇಷ್ಟು, ಉಪ್ಪು ಇಷ್ಟು, ಆಳ ಇಷ್ಟು. ಒಂದು ಸಲ ಓದಿದ್ರೆ ಒಪ್ಪುತ್ತಿರಲಿಲ್ಲ, ಎರಡೆರಡು ಸಲ. ಓದಿದ್ದಕ್ಕೆಲ್ಲ ಹೂಂ, ಹೂಂ ಅನ್ನೋರು. ಕೊನೆಗೆ, ಅನುಮಾನ ಏನು ಬಂದಿದೆ ನೋಡು ಅನ್ನೋರು. ನಾನು ಖಾಲಿ ಅಂತಿದ್ದೆ.”

ಅಕ್ಕ ಪರದೆಯ ಕಡೆ ತಿರುಗಿದಳು.

“ಯಾವಾಗಿಂದ ಅಮ್ಮ?”

“ನೀನು ಇಟ್ಟಿದೀನಿ ಅಂತ ಹೇಳಿ ಹೋದೆಯಲ್ಲ, ಅದರ ಮಾರನೇ ದಿನದಿಂದ. ಮೊದಮೊದಲು, ಬರುತ್ತೆ, ಇನ್ನೂ ತುಂಬ್ತಾ ಇದ್ದಾಳೆ, ಅವಸರ ಮಾಡಬಾರದು ಅನ್ನೋರು. ಒಂದಷ್ಟು ದಿನ ಕಳೆದ ಮೇಲೆ ನಾನೇ ಕೇಳಿದೆ, ಏನ್ರೀ ಇದು, ದಿನಾ ಖಾಲಿ ಅಂತಲೇ ಬರುತ್ತೆ, ಖಾಲಿ ಅಂದ್ರೆ ಏನು ಅಂತ. ಇನ್ನೊಂದು ಸಲ ಓದಿಸಿದ್ರು. ಆಮೇಲೆ ಅಂದ್ರು, ಖಾಲಿ ಅಂದ್ರೆ ಅನುಮಾನವೇ ಇಲ್ಲ ಅಂತ ಕಣೆ, ಹುಡುಗಿ ಎಲ್ಲಾ ಸರಿ ಮಾಡಿದಾಳೆ ಅಂತ.”

ಒಲೆಯ ಮೇಲೆ ನೀರು ಕುದಿಯತೊಡಗಿತ್ತು. ಸಕ್ಕರೆ ಡಬ್ಬಿಗೂ ರಿಯಾಯಿತಿ ತೋರಿಸದ ಮನುಷ್ಯ, ಜೀವಮಾನವೆಲ್ಲ ಯಾವ ಮಾತನ್ನು ಕೂಡದು ಕೂಡದು ಎಂದು ತಿದ್ದಿದರೋ, ಅದೇ ಮಾತನ್ನು ಅವಳ ಮಾನ ಉಳಿಸುವುದಕ್ಕಾಗಿ ಸ್ವಂತ ಬಾಯಿಂದ ಆಡಿದ್ದರು. ಮರೆತಿರಲಿಲ್ಲ. ಗೊತ್ತಿದ್ದೇ ಕೇಳುವುದನ್ನು ಬಿಟ್ಟಿದ್ದರು.

“ಅಮ್ಮ, ಅದು ಹಾಗಲ್ಲ. ಖಾಲಿ ಅಂದ್ರೆ...”

“ನನಗೆ ಗೊತ್ತಿಲ್ವಾ?” ಅಮ್ಮ ಬೆನ್ನು ಹಾಕಿ ಚಹಾ ಸೋಸುತ್ತಿದ್ದರು. “ಈ ಡಬ್ಬಿಗಳ ಜೊತೆ ಬಾಳಿದವಳು ನಾನು. ಇವರು ಸುಳ್ಳು ಹೇಳ್ತಿದ್ದಾರೆ ಅಂತ ದನಿಯಲ್ಲೇ ತಿಳೀತು. ನಿನ್ನ ಬಿಟ್ಟುಕೊಡೋಕೆ ಇವರಿಗೆ ಮನಸ್ಸಿರಲಿಲ್ಲ, ಇವರನ್ನ ಬಿಟ್ಟುಕೊಡೋಕೆ ನನಗಿರಲಿಲ್ಲ. ಹೂಂ ಅಂದೆ. ಮಾರನೇ ದಿನ ಮತ್ತೆ ಓದಿಸಿದ್ರು. ಕೊನೇವರೆಗೂ ದಿನಾ ಓದಿಸಿದ್ರು. ಇವತ್ತಾದ್ರೂ ಬಂದಿರುತ್ತೇನೋ ಅಂತ.”

ಅಕ್ಕ ಮೇಜಿಗೆ ತಲೆಯಿಟ್ಟು ಅತ್ತಳು. ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟರು. ಚಹಾ ತಣ್ಣಗಾದ ಮೇಲೆ ಮತ್ತೆ ಬಿಸಿ ಮಾಡಿ ಕೊಟ್ಟರು.

ಅವಳು ಅಲ್ಲಿಂದ ನೇರ ಕಚೇರಿಗೆ ಹೋಗಿ ಹಳೆಯ ಲಕೋಟೆಗಳನ್ನು ತೆರೆದು ಕೂತಳು. ಒಂದೊಂದು ಯಂತ್ರದ ಅನುಮಾನವನ್ನೂ ಹುಡುಕಿ, ಅಳೆದು, ಒಂದೇ ಸಾಲಿಗೆ ಇಳಿಸಿದಳು. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ತುಂಬಿದಳು. ತಿಂಗಳುಗಟ್ಟಲೆ ಮುಂದೂಡಿದ ಆ ಕೆಲಸ ಒಂದು ವಾರದೊಳಗೆ ಮುಗಿಯಿತು. ಕಷ್ಟದ್ದಾಗಿದ್ದರೆ ಅವಳಿಗೆ ಒಂದು ನೆವವಾದರೂ ಇರುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಎಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಅದನ್ನು ಅವಳೇ ಸಾವಿರ ಸಲ ಹೇಳಿಕೊಂಡಳು. ದೋಣಿಯವರ ಫೋನಿನಲ್ಲಿ ಆಳದ ಅಂಕಿಯ ಕೆಳಗೆ ‘ಇಷ್ಟು ಹೆಚ್ಚುಕಡಿಮೆ ಇರಬಹುದು’ ಎಂಬ ಸಾಲು ಕಾಣಿಸಿಕೊಂಡಿತು. ಸಂಘದ ಹೆಂಗಸು ಫೋನು ಮಾಡಿ, ಇದು ಮೊದಲೇ ಇರಬೇಕಿತ್ತಲ್ಲ ಎಂದಳು. ಹೌದು, ಇರಬೇಕಿತ್ತು ಎಂದಳು ಅಕ್ಕ.

ಮರುದಿನ ಬೆಳಗ್ಗೆ ಅವಳು ಮಗಳಿಗೆ ತಲೆ ಬಾಚುತ್ತಿದ್ದಾಗ ಅಮ್ಮನ ಫೋನು ಬಂತು.

“ಸುಮ್ಮನೆ ಕೂತಿದ್ದೆ ಕಣಮ್ಮ. ಕೈಗೆ ಅಭ್ಯಾಸ ನೋಡು, ಒತ್ತಿಬಿಟ್ಟೆ” ಎಂದರು ಅಮ್ಮ. “ಇವತ್ತು ಖಾಲಿ ಇಲ್ಲ. ಅನುಮಾನದ ಮುಂದೆ ಏನೋ ಬಂದಿದೆ.”

“ಓದಿ ಅಮ್ಮ.”

ಅಮ್ಮ ಓದಿದರು. ಬಿಸಿ, ಉಪ್ಪು, ಆಳ, ಕೊನೆಗೆ ಅನುಮಾನ. ಬಿಡಿಸಿ ಬಿಡಿಸಿ, ಮೇಷ್ಟ್ರಿಗೆ ಓದುತ್ತಿದ್ದ ಹಾಗೆಯೇ ಎರಡು ಸಲ ಓದಿದರು. ಓದಿ ಮುಗಿಸಿ ಸುಮ್ಮನೆ ಕಾದರು. ಓದಿದ ಮೇಲೆ ಹೂಂ ಎನ್ನುವ ಒಂದು ದನಿ ಅವರ ಕಿವಿಗೆ ರೂಢಿಯಾಗಿತ್ತು. ಅಕ್ಕ ಹೂಂ ಎನ್ನಲು ನೋಡಿದಳು. ಬಾಚಣಿಗೆ ಹಿಡಿದ ಕೈ ಮಗಳ ತಲೆಯ ಮೇಲೆ ಹಾಗೇ ನಿಂತಿತ್ತು.